ಕಪ್ಪೆಯನ್ನು ಮಗುವೇ ಮಾಡಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಾಲಿಟ್ಟೊಡನೆ ಬೆಂಗಳೂರಿನ ಶಿಶುವಿಹಾರಗಳಲ್ಲಿ, ಪ್ಲೇ ಹೋಂಗಳಲ್ಲಿ ‘ಕಪ್ಪೆ ವಾರ’ ಶುರುವಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಕಪ್ಪೆ ಜಿಗಿಯುತ್ತದೆ, ವಟಗುಟ್ಟುತ್ತದೆ, ನೀರಿನಲ್ಲೂ ನೆಲದಲ್ಲೂ ಬದುಕುತ್ತದೆ, ಹುಟ್ಟುವಾಗ ಒಂದು ರೂಪದಲ್ಲಿದ್ದು ಬೆಳೆದ ಮೇಲೆ ಬೇರೆಯದೇ ರೂಪ ತಾಳುತ್ತದೆ. ಆದರೆ ಈ ವಾರದ ಕೆಲಸ ಬರಬರುತ್ತ ಮಕ್ಕಳ ಕೈತಪ್ಪಿ ತಂದೆತಾಯಿಯರ ಪಾಲಿಗೆ ಬಿದ್ದಿದೆ. ರಾತ್ರಿ ಎಂಟರ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಕಪ್ಪೆಯ ಮಾದರಿ ಕಳುಹಿಸಿಕೊಡಿ’ ಎಂಬ ಸೂಚನೆ ಬರುತ್ತದೆ. ಕಚೇರಿಯಿಂದ ಆಗಷ್ಟೇ ಮನೆ ಸೇರಿದ ತಾಯಿಯೋ ತಂದೆಯೋ ಸ್ಟೇಷನರಿ ಅಂಗಡಿಗೆ ಓಡಿ, ಥರ್ಮಾಕೋಲ್, ಹಸಿರು ಫೋಮ್ ಶೀಟ್, ಅಂಟಿಸುವ ಕಣ್ಣುಗಳನ್ನು ತಂದು, ಮಗು ಮಲಗಿದ ಮೇಲೆ ಕೂತು ಕತ್ತರಿಸುತ್ತಾರೆ. ಮರುದಿನ ಶಾಲೆಯ ಗೋಡೆಯ ಮೇಲೆ ಓರೆಕೋರೆಯಿಲ್ಲದ ಕಪ್ಪೆಗಳು ಸಾಲಾಗಿ ಕೂರುತ್ತವೆ. ಅವುಗಳಲ್ಲಿ ಅತ್ಯುತ್ತಮವಾದುದಕ್ಕೆ ಬಹುಮಾನವೂ ಉಂಟು. ಬಹುಮಾನ ಪಡೆದ ಮಗುವಿಗೆ ತನ್ನ ಕಪ್ಪೆ ಯಾವುದೆಂಬುದೇ ಗೊತ್ತಿರದ ಪ್ರಸಂಗವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಿಶುವಿಹಾರದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾಗಿ, ಈಗ ಮೊಮ್ಮಗನ ಶಾಲೆಯ ಚೀಲ ಹೊರುವವಳಾಗಿ ನನ್ನ ಕೋರಿಕೆ ಇಷ್ಟೇ: ಕಪ್ಪೆ ವಾರದ ಕೆಲಸ ತರಗತಿಯಲ್ಲೇ, ಮಗುವಿನ ಕೈಯಿಂದಲೇ ಆಗಲಿ, ಮತ್ತು ಅದು ನಿಜವಾದ ಕಪ್ಪೆಯನ್ನು ಕುರಿತ ಕೆಲಸವಾಗಲಿ.

ಥರ್ಮಾಕೋಲಿನ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿತ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿದೆ. ಪರಿಸರ ದಿನದಂದು ಮಕ್ಕಳ ಕೈಗೆ ಸಸಿ ಕೊಟ್ಟು ಫೋಟೊ ತೆಗೆಸುವ ಶಾಲೆಗಳೇ ವಾರ ಕಳೆಯುವುದರೊಳಗೆ ಅದೇ ಮಕ್ಕಳಿಂದ ಥರ್ಮಾಕೋಲ್ ತರಿಸುವುದು ಶೋಭೆಯಲ್ಲ.

ಇನ್ನು ಮಕ್ಕಳ ಕೈಲಿ ಏನಾಗುತ್ತದೆ ಎಂಬ ಪ್ರಶ್ನೆ. ಕಪ್ಪೆಯ ಮೊಟ್ಟೆ ಹೇಗಿರುತ್ತದೆ ಎಂದು ತೋರಿಸಲು ಅಂಗಡಿಯ ಕಿಟ್ ಏನೂ ಬೇಕಿಲ್ಲ. ಅಡುಗೆಮನೆಯ ಕಾಮಕಸ್ತೂರಿ ಬೀಜ ಸಾಕು. ಒಂದು ಚಮಚ ಬೀಜವನ್ನು ಅಗಲವಾದ ಬಟ್ಟಲಿನ ನೀರಿಗೆ ಹಾಕಿ ಮಕ್ಕಳನ್ನು ಸುತ್ತ ಕೂರಿಸಿದರೆ, ನೋಡನೋಡುತ್ತಿದ್ದಂತೆ ಪ್ರತಿ ಬೀಜದ ಸುತ್ತಲೂ ಪಾರದರ್ಶಕ ಲೋಳೆ ಕಟ್ಟಿಕೊಂಡು ನಡುವೆ ಕಪ್ಪು ಚುಕ್ಕೆ ಉಳಿಯುತ್ತದೆ. ನಿಂತ ನೀರಿನಲ್ಲಿ ಕಪ್ಪೆ ಇಡುವ ಮೊಟ್ಟೆಗಳ ಮುದ್ದೆಯೂ ಹೀಗೆಯೇ ಕಾಣುತ್ತದೆ. ಮಕ್ಕಳು ಅದರೊಳಗೆ ಬೆರಳಾಡಿಸುತ್ತಾರೆ, ‘ಜಾರ್ತಾ ಇದೆ ಮಿಸ್’ ಎನ್ನುತ್ತಾರೆ, ಚಮಚದಿಂದ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ಬೆರಳಿನ ಹಿಡಿತ ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ತಿಳಿದಿಲ್ಲ. ಇದೇ ಕೆಲಸಕ್ಕೆ ಈಗ ಹಲವೆಡೆ ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಬಳಸುತ್ತಾರೆ. ಮಗು ಅಂಥ ಮಣಿಯನ್ನು ನುಂಗಿದರೆ ಅದು ಹೊಟ್ಟೆಯೊಳಗೂ ಉಬ್ಬಿ ಕರುಳನ್ನು ಕಟ್ಟಿಬಿಡಬಲ್ಲದು. ಸಣ್ಣ ಪ್ಲಾಸ್ಟಿಕ್ ಕಣ್ಣುಗಳೂ ಅಷ್ಟೇ, ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳು. ಕಣ್ಣನ್ನು ಮಗುವೇ ಕಪ್ಪು ಬಣ್ಣದಲ್ಲಿ ಬರೆಯಲಿ. ಒಂದು ಕಣ್ಣು ದೊಡ್ಡದಾಗಿ ಇನ್ನೊಂದು ಸಣ್ಣದಾದರೆ ಆಗುವ ನಷ್ಟವಾದರೂ ಏನು?

ಕಾಗದದ ತಟ್ಟೆಯನ್ನು ಮಡಿಸಿ ಕಪ್ಪೆಯ ಬಾಯಿ ಮಾಡುವ ಚಟುವಟಿಕೆ ಬಹುತೇಕ ಎಲ್ಲ ಕಡೆಯೂ ನಡೆಯುತ್ತದೆ. ಅದರಲ್ಲಿ ಕೆಂಪು ಪಟ್ಟಿಯ ನಾಲಿಗೆಯನ್ನು ಗಂಟಲಿನ ಕಡೆಗೆ, ತಟ್ಟೆಯ ಮಡಿಕೆಯಲ್ಲಿ ಅಂಟಿಸುವುದು ರೂಢಿ. ಕಪ್ಪೆಯ ನಾಲಿಗೆ ನಮ್ಮದರಂತಲ್ಲ, ಕೆಳದವಡೆಯ ಮುಂಭಾಗಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿಯೇ ಅದು ಹೊರಕ್ಕೆ ಮಗುಚಿಕೊಂಡು ಹುಳುವನ್ನು ಹಿಡಿಯಬಲ್ಲದು. ಪಟ್ಟಿಯನ್ನು ಕೆಳತುಟಿಯ ಅಂಚಿಗೆ ಅಂಟಿಸಿದರೆ ಆಟಿಕೆಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಮಗು ಕಲಿತದ್ದೂ ಸರಿಯಾಗಿರುತ್ತದೆ. ಕಪ್ಪೆಯ ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಐದು ಬೆರಳುಗಳಿರುವುದರಿಂದ ಎಣಿಕೆಯ ಪಾಠವೂ ಅಲ್ಲೇ ಆಗುತ್ತದೆ. ಜೀವನಚಕ್ರದ ಚಾರ್ಟ್ ಬರೆಯುವವರು ಗೊದಮೊಟ್ಟೆಗೆ ಮೊದಲು ಕಾಣಿಸಿಕೊಳ್ಳುವುದು ಹಿಂಗಾಲು, ಆಮೇಲೆ ಮುಂಗಾಲು ಎಂಬುದನ್ನು ಮರೆಯಬಾರದು. ಬಾಲ ಕಳಚಿ ಬೀಳುವುದಿಲ್ಲ, ಮೈಯೊಳಗೇ ಕರಗಿಹೋಗುತ್ತದೆ. ನಾಲ್ಕು ವರ್ಷದ ಮಗುವಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ತಪ್ಪನ್ನು ಕಲಿಸುವಷ್ಟೇ ಸಮಯದಲ್ಲಿ ಸರಿಯಾದುದನ್ನೂ ಕಲಿಸಬಹುದಲ್ಲ!

ಎಲ್ಲ ಕಪ್ಪೆಗಳೂ ಗಿಳಿಹಸಿರು ಬಣ್ಣದವೇ ಏಕಾಗಬೇಕು ಎಂಬುದು ನನ್ನ ಇನ್ನೊಂದು ತಕರಾರು. 2020ರಲ್ಲಿ ನಮ್ಮ ನಗರದ ಹೊರವಲಯದಲ್ಲಿ ದೊರೆತ, ಬಿಲ ತೋಡುವ ಕಪ್ಪೆಯ ಹೊಸ ಪ್ರಭೇದವೊಂದಕ್ಕೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟರು. ಅದರ ಮೈ ಮಣ್ಣಿನ ಬಣ್ಣದ್ದು. ಈ ಬಗೆಯ ಕಪ್ಪೆಗಳು ಹಿಂಗಾಲುಗಳಿಂದ ಮಣ್ಣನ್ನು ಒತ್ತರಿಸುತ್ತ ಹಿಂದುಹಿಂದಕ್ಕೆ ನೆಲದೊಳಗೆ ಇಳಿಯುತ್ತವೆ. ಮರಳುಗುಂಡಿಯಲ್ಲಿ ಮಕ್ಕಳನ್ನು ಕುಕ್ಕರುಗಾಲಲ್ಲಿ ಕೂರಿಸಿ ಹಿಂದಕ್ಕೆ ಸರಿಯುತ್ತ ಮರಳು ತೋಡುವ ಆಟ ಆಡಿಸಿದರೆ ನಗುವಿಗೆ ಕೊನೆಯೇ ಇರುವುದಿಲ್ಲ. ಪಾದದ ಮೇಲೆ ಮರಳು ಮೆತ್ತಿ, ಮೆಲ್ಲಗೆ ಕಾಲು ಹೊರಗೆಳೆದು ಕಟ್ಟುವ ಕಪ್ಪೆಗೂಡಿನ ಆಟವನ್ನು ಈಗಿನ ಮಕ್ಕಳಲ್ಲಿ ಎಷ್ಟು ಮಂದಿ ಆಡಿದ್ದಾರೋ!

ಜೇಡಿಮಣ್ಣಿನ ಕೆಲಸಕ್ಕಂತೂ ಮಲೆನಾಡಿನ ಒಂದು ಕಪ್ಪೆಯೇ ಗುರುವಾಗಬಲ್ಲದು. ನಮ್ಮ ಪಶ್ಚಿಮ ಘಟ್ಟದಲ್ಲಿ ಸಿಕ್ಕಿ, 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆಯಲ್ಲಿ, ಗಂಡು ತೊರೆಯ ಮಣ್ಣನ್ನು ಮುಂಗಾಲುಗಳಿಂದ ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಈ ಕಥೆ ಹೇಳಿ, ಒಂದು ಕಡ್ಡಿ, ನಾಲ್ಕು ಕಡಲೆಕಾಳು, ಒಂದು ಹಿಡಿ ಹಸಿ ಜೇಡಿಮಣ್ಣನ್ನು ಮಗುವಿನ ಮುಂದಿಟ್ಟರೆ ಸಾಕು, ಆಮೇಲೆ ಅರ್ಧ ಗಂಟೆ ಶಿಕ್ಷಕಿಗೆ ಬೇರೆ ಕೆಲಸವಿರುವುದಿಲ್ಲ. ಗಣೇಶನ ಹಬ್ಬ ಹತ್ತಿರವಾದಾಗ ನಗರದಲ್ಲಿ ಜೇಡಿಮಣ್ಣು ಸುಲಭವಾಗಿಯೇ ಸಿಗುತ್ತದೆ. ಸಮವಸ್ತ್ರ ಕೊಳೆಯಾಯಿತೆಂದು ಪಾಲಕರು ಜಗಳಕ್ಕೆ ಬಂದಾರು ಎಂಬ ಭಯ ಶಾಲೆಗಳಿಗಿದೆ. ಅದು ಸುಳ್ಳು ಭಯವೂ ಅಲ್ಲ. ಆ ಒಂದು ದಿನ ಹಳೆಯ ಬಟ್ಟೆ ಹಾಕಿ ಕಳುಹಿಸಿ ಎಂದು ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿಳಿಸಬಹುದು.

ಆಟದ ಮಾತಿಗೆ ಬಂದರೆ ನಮ್ಮ ‘ಕೆರೆ–ದಡ’ ಇದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ‘ಕೆರೆ’ ಎಂದರೆ ಒಳಕ್ಕೆ, ‘ದಡ’ ಎಂದರೆ ಹೊರಕ್ಕೆ ಕಪ್ಪೆಯಂತೆ ಕುಪ್ಪಳಿಸುವುದು. ಎರಡು ಸಲ ‘ಕೆರೆ’ ಎಂದು ಕೂಗಿ ಮಕ್ಕಳನ್ನು ಏಮಾರಿಸುವುದರಲ್ಲಿಯೇ ಅದರ ಸೊಗಸು. ಜಿಗಿತ, ಗಮನವಿಟ್ಟು ಕೇಳುವುದು, ತಟ್ಟನೆ ತಡೆದು ನಿಲ್ಲುವುದು, ಮೂರೂ ಇದರಲ್ಲಿವೆ. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕುಪ್ಪಳಿಸಲು ಬಿಟ್ಟರೆ ಕಪ್ಪೆ ತೂಕ ಹಾಕಿದ ಹಾಗಾಗುತ್ತದೆ ಎಂದು ಯುವ ಶಿಕ್ಷಕಿಯರು ಗೊಣಗುವುದುಂಟು. ಆದ್ದರಿಂದ ಆರೇಳು ಮಕ್ಕಳ ಗುಂಪು ಮಾಡಿಕೊಂಡು, ಉಳಿದವರನ್ನು ವಟಗುಟ್ಟುವ ಕೆಲಸಕ್ಕೆ ಹಚ್ಚುವುದು ಒಳ್ಳೆಯದು. ಕಾಗದದ ಲೋಟದ ತಳಕ್ಕೆ ತೂತು ಮಾಡಿ ದಾರ ಪೋಣಿಸಿ, ಒಳಗಡೆ ಗಂಟು ಹಾಕಿ, ಹೊರಗಿನ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಜಗ್ಗಿ ಜಗ್ಗಿ ಎಳೆದರೆ ಕೋಣೆ ತುಂಬ ‘ವಟರ್ ವಟರ್’ ಎಂಬ ಸದ್ದು. ತೂತು ಮತ್ತು ಗಂಟು ಶಿಕ್ಷಕಿಯ ಕೆಲಸ, ಉಳಿದದ್ದು ಮಗುವಿನದು.

ಜೀವಂತ ಗೊದಮೊಟ್ಟೆಗಳನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ತರಗತಿಗೆ ತರುವ ಉತ್ಸಾಹ ಮಾತ್ರ ಬೇಡ. ಎರಡೇ ದಿನದಲ್ಲಿ ಅವು ಸತ್ತುಹೋಗುವುದನ್ನು ಮಕ್ಕಳು ನೋಡಬೇಕಾಗುತ್ತದೆ. ಕಪ್ಪೆ ತನ್ನ ತೇವದ ಚರ್ಮದ ಮೂಲಕವೇ ನೀರು ಹೀರುತ್ತದೆ, ಉಸಿರೂ ಆಡುತ್ತದೆ. ಸೋಪು, ಕ್ರೀಮು ಹಚ್ಚಿದ ಕೈಗಳಿಂದ ಅದನ್ನು ಮುಟ್ಟದಿರುವುದೇ ಲೇಸು. ಮಳೆ ನಿಂತ ಬೆಳಿಗ್ಗೆ ಹತ್ತಿರದ ಉದ್ಯಾನದ ಹೊಂಡದ ಬಳಿಗೋ ಕೆರೆಯಂಚಿಗೋ ಸಣ್ಣ ಗುಂಪಾಗಿ ಕರೆದೊಯ್ದು, ದೂರದಿಂದಲೇ ತೋರಿಸಿ, ಕೂಗು ಕೇಳಿಸಿ ಕರೆತರಬಹುದು.

2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿನ ಕಲಿಕೆಗೆ ಆಟವನ್ನೇ ಆಧಾರವಾಗಿಸಿಕೊಂಡಿದೆ. ಹಾಗಿರುವಾಗ ಮೂರು ವರ್ಷದವರಿಗೆ ಮನೆಯಿಂದ ಮಾಡಿ ತರುವ ‘ಪ್ರಾಜೆಕ್ಟ್’ ಕೊಡುವುದನ್ನೂ ಅದಕ್ಕೆ ಬಹುಮಾನವಿಡುವುದನ್ನೂ ಶಾಲೆಗಳು ಕೈಬಿಡಬೇಕು. ಪಾಲಕರು ಕೂಡ ಗೋಡೆಯ ಮೇಲಿನ ವಕ್ರ ಕಪ್ಪೆಯನ್ನು ಕಂಡು ‘ಟೀಚರ್ ಏನೂ ಹೇಳಿಕೊಡಲ್ಲ’ ಎಂದು ದೂರುವುದನ್ನು ಬಿಡಬೇಕು. ಶಾಲೆಗಳು ಚೆಂದದ ಕಪ್ಪೆಯ ಹಿಂದೆ ಬೀಳಲು ಅರ್ಧ ಕಾರಣ ಈ ದೂರುಗಳೇ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಕಾಗದ ಮಡಿಸಿ ಮಾಡುವ, ಬೆನ್ನು ಒತ್ತಿದರೆ ಜಿಗಿಯುವ ಕಪ್ಪೆಯ ಹಂತಗಳನ್ನು ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಚಿತ್ರಸಹಿತ ಪ್ರಕಟಿಸಿದರೆ ಉಪಕಾರವಾಗುತ್ತದೆ. ಐದು ವರ್ಷದ ಮಕ್ಕಳು ಹಿರಿಯರ ನೆರವಿನಿಂದ ಅದನ್ನು ಮಡಿಸಬಲ್ಲರು. ಅದಕ್ಕಿಂತ ಚಿಕ್ಕವರು ಬಣ್ಣ ಬಳಿದು ಜಿಗಿಸಲಿ. ತೆಳು ಕಾಗದದ ಕಪ್ಪೆ ಜಿಗಿಯದೆ ಕುಸಿಯುತ್ತದೆ, ಹಳೆಯ ಲಗ್ನಪತ್ರಿಕೆಯ ಗಟ್ಟಿ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು ಎಂಬ ಸೂಚನೆಯನ್ನೂ ಚಿತ್ರದ ಕೆಳಗೆ ಸೇರಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಶುವಿಹಾರ ಶಿಕ್ಷಕಿ
ಬಸವನಗುಡಿ, ಬೆಂಗಳೂರು