ಎತ್ತಿನಹೊಳೆ: ಯಾರ ಹಿತ, ಯಾರ ಲೆಕ್ಕ?

ಸಕಲೇಶಪುರದ ಬಳಿ ನೇತ್ರಾವತಿಯ ಉಪಹೊಳೆಗಳಿಂದ ಮಳೆಗಾಲದ ನೀರನ್ನು ಎತ್ತಿ ಬಯಲುಸೀಮೆಗೆ ಹರಿಸುವ ಎತ್ತಿನಹೊಳೆ ಯೋಜನೆಯ ಬಗ್ಗೆ ಪ್ರಶ್ನೆ ಎತ್ತಿದವರಿಗೆಲ್ಲ ಸಿಗುವ ಉತ್ತರ ಒಂದೇ: ಇದು ಸಾರ್ವಜನಿಕ ಹಿತಾಸಕ್ತಿಯ ಕೆಲಸ. ಬಯಲುಸೀಮೆಯವರ ದಾಹ ಸುಳ್ಳಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬರುತ್ತಿರುವುದನ್ನು ಅಲ್ಲಿನವನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಹಿತವನ್ನು ಅಳೆದವರು ಯಾರು?

ಯೋಜನೆಯ ಲೆಕ್ಕದಲ್ಲಿ ವರ್ಷಕ್ಕೆ ಸಿಗುವ ನೀರು 24.01 ಟಿಎಂಸಿ (ಶತಕೋಟಿ ಘನ) ಅಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಪ್ರಕಾರ ಅಲ್ಲಿ ಸಿಗುವುದು ಸುಮಾರು 9.5. ವ್ಯತ್ಯಾಸ ಸಣ್ಣದಲ್ಲ. ಆದರೂ ಅಂದಾಜು ವೆಚ್ಚ ಮಾತ್ರ 23 ಸಾವಿರ ಕೋಟಿ ರೂಪಾಯಿ ದಾಟಿದೆ. ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಮತಿ ಬೇಕಾಗಲಿಲ್ಲ. ಅನುಮತಿ ಬೇಡವಾದ ಮೇಲೆ ಅದರ ಭಾಗವಾದ ಸಾರ್ವಜನಿಕ ಅಹವಾಲು ಸಭೆಯೂ ಬೇಡವಾಯಿತು! ಹಂಚಿಕೆಯಲ್ಲಿ ಸುಮಾರು 10 ಟಿಎಂಸಿ ಅಡಿ ನೀರು 527 ಕೆರೆಗಳಿಗೆ ಹೋಗಬೇಕು. ಕೆರೆ ತುಂಬಿಸುವುದು ಒಳ್ಳೆಯದೇ, ಆದರೆ ಅದನ್ನೂ ಕುಡಿಯುವ ನೀರಿನ ಖಾತೆಗೆ ಬರೆಯುವುದು ಜಾಣತನವಷ್ಟೇ.

ನೀರು ಸಮುದಾಯದ ಸಂಪನ್ಮೂಲ, ಸರ್ಕಾರ ಅದರ ಧರ್ಮದರ್ಶಿ ಎಂಬುದು 2012ರ ರಾಷ್ಟ್ರೀಯ ಜಲನೀತಿಯ ಆಶಯ. ಆ ಸಮುದಾಯದಲ್ಲಿ ಕೋಲಾರದ ರೈತರಂತೆ ಸಕಲೇಶಪುರದ ಬೆಳೆಗಾರರೂ ನೇತ್ರಾವತಿಯ ಕೆಳಹರಿವಿನಲ್ಲಿರುವ ಮೀನುಗಾರರೂ ಇದ್ದಾರೆ. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಇನ್ನಾದರೂ ಪ್ರತಿ ಮಳೆಗಾಲ ಎಷ್ಟು ನೀರು ಎತ್ತಲಾಯಿತು, ಹೊಳೆಗೆ ಎಷ್ಟು ಬಿಡಲಾಯಿತು ಎಂಬ ಅಳತೆಯನ್ನು ಸರ್ಕಾರ ಬಹಿರಂಗಪಡಿಸಲಿ. ಅದನ್ನು ಮುಂದಿಟ್ಟುಕೊಂಡು ಎರಡೂ ಕಡೆಯ ಜಿಲ್ಲೆಗಳಲ್ಲಿ ಸಭೆ ಕರೆಯಲಿ.

– ಓದುಗ, ಕೋಲಾರ