ಮೇಷ್ಟ್ರೇ, ನಾಟಕ ಚೆನ್ನಾಗಿ ನಡೆಯಿತು

ಶನಿವಾರ ರಾತ್ರಿ ಹತ್ತಕ್ಕೆ ಶುರುವಾದ ಪೌರಾಣಿಕ ನಾಟಕ ಭಾನುವಾರ ಬೆಳಗ್ಗೆ ಆರಕ್ಕೆ ಮುಗಿಯಿತು. ನಮ್ಮ ಸೌಂಡ್ ಸೆಟ್ಟಿನ ಒಂದು ಹಾರ್ನ್ ಸ್ಪೀಕರೂ ಸುಡಲಿಲ್ಲ. ಹೋದ ತಿಂಗಳು ಮಳವಳ್ಳಿ ಕಡೆಯ ಹಬ್ಬದಲ್ಲಿ ನಮ್ಮ ಸೆಟ್ಟಿನ ಹಾರ್ನ್ ಸುಟ್ಟುಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ಸ್ಪೀಕರ್ ಬಾಕ್ಸ್ ಕೊಟ್ಟ ಮದ್ದೂರಿನ ಗೆಳೆಯರಿಗೆ, ಅಡ್ವಾನ್ಸ್ ವಾಪಸ್ ಕೇಳದ ಕಮಿಟಿಯವರಿಗೆ, ಹಾರ್ನಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್‌ಗಾಗಿ ಮೂರು ಸಲ ಮೈಸೂರಿಗೆ ಓಡಾಡಿದ ತಮ್ಮನಿಗೆ, ಬಳೆ ಬಿಚ್ಚಿಕೊಟ್ಟ ಅಮ್ಮನಿಗೆ ತುಂಬಾ ಥ್ಯಾಂಕ್ಸ್.

ಇನ್ನು ಮೇಷ್ಟ್ರ ವಿಷಯ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ.

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಪಾಂಡವಪುರದಿಂದ ಸ್ಕೂಟರಿನಲ್ಲಿ ಬಂದರು. ಹಿಂದೆ ಒಂದು ಹಳೆ ಟ್ರಂಕ್. ಒಳಗೆ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದ 8 ಓಮ್ಸ್ ರೆಸಿಸ್ಟರ್‌ಗಳು, ವೋಲ್ಟ್ ಅಳೆಯುವ ಮೀಟರ್, ಸಿಗ್ನಲ್ಲಿನ ಅಲೆ ತೋರಿಸುವ ಸ್ಕೋಪ್. ನಾನು ಹಾರ್ನಿನೊಳಗಿನ ಸುಟ್ಟ ತಂತಿ ಸುರುಳಿ, ಆ ಕಾಯಿಲ್ ಕೈಯಲ್ಲಿ ಹಿಡಿದು ಕೂತಿದ್ದೆ. ವಾರ್ನಿಷ್ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. 'ಎಲ್ಲ ಮಾರಿಬಿಡ್ತೀನಿ ಸಾರ್, ಅಪ್ಪ ಕಟ್ಟಿದ್ದನ್ನ ಹಾಳು ಮಾಡ್ದೆ' ಅಂದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. 'ಮೊದ್ಲು ಬೆರಳಿನ ಉಂಗುರ ತೆಗಿ. ಸ್ಪೀಕರ್ ವೈರೆಲ್ಲ ಬಿಚ್ಚು' ಅಂದರು.

ಸ್ಪೀಕರ್ ಜಾಗದಲ್ಲಿ ರೆಸಿಸ್ಟರ್ ಸಿಕ್ಕಿಸಿ, ಯಾವ ಸ್ಪೀಕರ್ ಎಷ್ಟು ವೋಲ್ಟ್ ತಡೆಯುತ್ತೆ ಅಂತ ಲೆಕ್ಕ ಬರೆಸಿದರು. ಬೇಸ್ 500 ವ್ಯಾಟ್, 8 ಓಮ್ಸ್. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 63 ವೋಲ್ಟ್. ಹಾರ್ನ್ 50 ವ್ಯಾಟ್, ಅದಕ್ಕೆ ಬರೀ 20 ವೋಲ್ಟ್. ಆಮೇಲೆ ಹಾರ್ನಿನ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಪರೀಕ್ಷೆಯ ಟೋನ್ ಕೊಟ್ಟು ಏರಿಸಿದರು. ಮೀಟರ್ 70ರ ಹತ್ತಿರ ಹೋಯಿತು. ನಾನು ಸುಮ್ಮನೆ ನೋಡುತ್ತಾ ನಿಂತೆ. ಅಂದರೆ 600 ವ್ಯಾಟ್! ಮೈಕ್ ಒಂದು ಸಲ ಕೂಯ್ ಅಂದರೆ ಸಾಕು, ಅದಷ್ಟೂ ಆ ಕೂದಲೆಳೆಯಂಥ ಕಾಯಿಲ್‌ಗೇ. ಸದ್ದು ಮಿತಿ ಮೀರದಂತೆ ತಡೆಯುವುದೇ ಲಿಮಿಟರ್; ಇಷ್ಟು ವರ್ಷ ಕಿವಿಗೆ ಕೇಳಿದ್ದನ್ನೇ ನಂಬಿ ಅದನ್ನು ತಿರುಗಿಸುತ್ತಿದ್ದೆ. ಒಮ್ಮೆಯೂ ಅಳೆದಿರಲಿಲ್ಲ.

ಮೇಷ್ಟ್ರು ಪ್ರೊಸೆಸರಿನಲ್ಲಿ ಲಿಮಿಟರ್ ಸ್ವಲ್ಪ ಸ್ವಲ್ಪವೇ ಇಳಿಸಿದರು. ಪ್ರತಿ ಸಲ ಕೆಲವೇ ಸೆಕೆಂಡ್ ಟೋನ್, ಆಮೇಲೆ ರೆಸಿಸ್ಟರ್ ಆರಲು ಬಿಡುವುದು. 20ಕ್ಕೆ ಬಂದರೂ ತೃಪ್ತಿ ಇಲ್ಲ, 18ಕ್ಕೆ ನಿಲ್ಲಿಸಿದರು. 'ಏರ್ಸು ಈಗ' ಅಂದರು. ಮಿಕ್ಸರಿನಲ್ಲಿ ಎಷ್ಟು ಏರಿಸಿದರೂ ಮೀಟರ್ ಅಲ್ಲೇ ನಿಂತಿತು. ಬೇಸ್ ಆಂಪ್ ಬ್ರಿಡ್ಜ್‌ನಲ್ಲಿತ್ತು, ಅಂದರೆ ಅದರ ಎರಡು ಚಾನಲ್ ಸೇರಿಸಿ ಒಂದಾಗಿ ಓಡಿಸುತ್ತಿದ್ದೆ. ನಾನು ಸ್ಕೋಪಿನ ಅರ್ಥ್ ಕ್ಲಿಪ್ ಹಾಕಲು ಹೋದೆ. ಕೈ ಹಿಡಿದು ನಿಲ್ಲಿಸಿದರು. ಬ್ರಿಡ್ಜ್‌ನಲ್ಲಿ ಎರಡೂ ತುದಿ ಲೈವ್. ಆ ಕ್ಲಿಪ್ ಹಾಕಿದ್ದರೆ ಒಂದು ತುದಿ ಅರ್ಥ್‌ಗೆ ಶಾರ್ಟ್ ಆಗಿ ಆಂಪೂ ಹೋಗುತ್ತಿತ್ತು.

ಮೂರು ಗಂಟೆಗೆ ಟೀ ಮಾಡಿಕೊಟ್ಟೆ. ಕುಡಿಯುತ್ತಾ ಕೇಳಿದರು, 'ಅಪ್ಪನ ಕಾಲದಲ್ಲಿ ಎಷ್ಟು ವ್ಯಾಟ್ ಇತ್ತು?' ಎರಡು ತಗಡಿನ ಹಾರ್ನ್, ಒಂದು ಪುಟ್ಟ ಆಂಪ್ ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಮೇಷ್ಟ್ರು ಎದ್ದು ಹೋಗಲಿಲ್ಲ. ನನ್ನ ಅಳು ನಿಲ್ಲುವವರೆಗೂ ಪಕ್ಕದಲ್ಲೇ ಕೂತಿದ್ದರು. ಆಮೇಲೆ ಉಳಿದ ಆಂಪ್ ಎಳೆದುಕೊಂಡರು.

ಬೆಳಕು ಹರಿಯುವಾಗ ಆಂಪಿನ ವಾಲ್ಯೂಮ್ ನಾಬ್‌ಗಳನ್ನೆಲ್ಲ ಪೂರ್ತಿ ತಿರುಗಿಸಿ, ಮೇಲೆ ಬಿಳಿ ಟೇಪ್ ಅಂಟಿಸಿದರು. ನಾಬ್ ಕದಲಿದರೆ ಲೆಕ್ಕವೆಲ್ಲ ತಪ್ಪುತ್ತೆ ಅಲ್ವಾ, ಅದಕ್ಕೆ. ಟೇಪಿನ ಮೇಲೆ ಅವರ ದುಂಡು ಅಕ್ಷರದಲ್ಲಿ 'ಮುಟ್ಟಬೇಡ' ಅಂತಿದೆ.

ಶನಿವಾರ ದುರ್ಯೋಧನನ ಪಾತ್ರದವರು ಮೈಕಿಗೆ ಬಾಯಿ ತಾಗಿಸಿ ಅಬ್ಬರಿಸಿದರು. ಲಿಮಿಟರಿನ ಕೆಂಪು ದೀಪ ಹತ್ತಿತು, ಆರಿತು. ಹಾರ್ನ್ ಹಾಗೇ ಹಾಡುತ್ತಿತ್ತು.

ಮೇಷ್ಟ್ರೇ, ಟ್ರಂಕ್ ನಮ್ಮಲ್ಲೇ ಉಳಿದಿದೆ. ಬರುವ ಭಾನುವಾರ ತಂದುಕೊಡುತ್ತೇನೆ. ದುಡ್ಡು ಮುಟ್ಟಲ್ಲ ಅಂದಿರಿ, ಅಮ್ಮ ಆಲೆಮನೆ ಬೆಲ್ಲ ಕಟ್ಟಿಟ್ಟಿದ್ದಾಳೆ. ಅದನ್ನಾದರೂ ತಗೊಳ್ಳಿ.