ಮಗಳಿಗೊಂದು ಪತ್ರ: ದೋಣಿ ಎಲ್ಲಿದೆ ಎಂದು ಕೇಳು

ಕಾರವಾರ
13 ಏಪ್ರಿಲ್ 2009

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಇ-ಮೇಲ್ ಓದಿದೆ. 49-ಒ ನಿಯಮದಡಿ ‘ಯಾರಿಗೂ ನನ್ನ ಮತವಿಲ್ಲ’ ಎಂದು ಬರೆಸಬಹುದು, ಅಂಥವರ ಸಂಖ್ಯೆ ಗೆದ್ದವನ ಅಂತರಕ್ಕಿಂತ ಹೆಚ್ಚಾದರೆ ಚುನಾವಣೆಯೇ ರದ್ದಾಗುತ್ತದೆ, ಆಗ ನಿಂತವರು ಯಾರೂ ಮತ್ತೆ ನಿಲ್ಲುವಂತಿಲ್ಲ ಎಂದೆಲ್ಲ ಅದರಲ್ಲಿದೆ. ಬರೆದವರ ಆಸೆ ದೊಡ್ಡದು. ಕಾನೂನಿನಲ್ಲಿ ಮಾತ್ರ ಹಾಗಿಲ್ಲ.

ಮೇಷ್ಟರಾಗಿದ್ದಷ್ಟು ಕಾಲ ಮತಗಟ್ಟೆಯ ಕೆಲಸ ನನಗೆ ತಪ್ಪಲಿಲ್ಲ ಎಂಬುದು ನಿನಗೆ ಗೊತ್ತು. 49-ಒ ಎಂದರೆ ಇಷ್ಟೇ. ನೀನು ಒಳಗೆ ಬರುತ್ತೀಯೆ, ನಿನ್ನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ, 17-ಎ ನಮೂನೆಯ ರಿಜಿಸ್ಟರಿನಲ್ಲಿ ಸಹಿ ಹಾಕುತ್ತೀಯೆ. ಆಮೇಲೆ ‘ನಾನು ಮತ ಹಾಕುವುದಿಲ್ಲ’ ಎಂದರೆ ಅಧ್ಯಕ್ಷಾಧಿಕಾರಿ ನಿನ್ನ ಹೆಸರಿನ ಮುಂದೆ ಹಾಗೆಂದು ಷರಾ ಬರೆದು ಇನ್ನೊಂದು ಸಹಿ ತೆಗೆದುಕೊಳ್ಳುತ್ತಾನೆ. ಅದು ಎಣಿಕೆಯಲ್ಲಿ ಸೇರುವುದಿಲ್ಲ, ಯಾರ ಗೆಲುವನ್ನೂ ತಡೆಯುವುದಿಲ್ಲ. ಎಲ್ಲ ಪಕ್ಷಗಳ ಏಜೆಂಟರು ಅಲ್ಲೇ ಬೆಂಚಿನ ಮೇಲೆ ಕುಳಿತಿರುವುದರಿಂದ ಗುಟ್ಟೂ ಉಳಿಯುವುದಿಲ್ಲ. ಮುಂಬೈಯ ಗಿರಗಾಂವಿನಲ್ಲಿ ನಿನ್ನನ್ನು ಯಾರೂ ಗುರುತಿಸಲಿಕ್ಕಿಲ್ಲ. ನಮ್ಮ ಕಡೆಯ ಹಳ್ಳಿಯಾದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಗುಪ್ತವಾಗಿ ತಿರಸ್ಕರಿಸುವ ಹಕ್ಕು ಬೇಕೆಂಬ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ. ಅದು ಇತ್ಯರ್ಥವಾಗುವವರೆಗೆ ಈ ಇ-ಮೇಲನ್ನು ಇನ್ನೊಬ್ಬರಿಗೆ ಕಳಿಸಬೇಡ.

ನಿನ್ನ ಸಿಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. ಮುಂಬೈ ಮೇಲೆ ಉಗ್ರರ ದಾಳಿಯಾದ ಕಳೆದ ನವೆಂಬರ್ 26ರ ರಾತ್ರಿ ನಿನ್ನ ಹಾಸ್ಟೆಲಿನಿಂದ ಕೂಗಳತೆಯ ಚೌಪಾಟಿಯಲ್ಲಿ ಪೊಲೀಸ್ ತುಕಾರಾಂ ಓಂಬ್ಳೆ ಬರಿ ಲಾಠಿ ಹಿಡಿದು ನಿಂತು, ಎಕೆ-47ರ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡುಗಳನ್ನೆಲ್ಲ ತಾನೇ ತಿಂದರು. ದಾಳಿಕೋರ ಕಸಬ್ ಜೀವಂತ ಸಿಕ್ಕಿದ್ದು ಆ ಕಾರಣದಿಂದ. ಜನವರಿ 26ರಂದು ಅವರಿಗೆ ಅಶೋಕ ಚಕ್ರ ಕೊಟ್ಟರು. ಕೊಡಲೇಬೇಕಾಗಿತ್ತು. ಆದರೆ ಅಂಥ ರಾತ್ರಿಯಲ್ಲಿ ಆ ಮನುಷ್ಯನ ಕೈಯಲ್ಲಿ ಲಾಠಿಯಷ್ಟೇ ಏಕಿತ್ತು ಎಂಬ ಪ್ರಶ್ನೆಗೆ ಪದಕ ಉತ್ತರವಾಗುವುದಿಲ್ಲ. ವಿ.ಟಿ. ರೈಲು ನಿಲ್ದಾಣದಲ್ಲಿ ಪೊಲೀಸರ ಕೈಯಲ್ಲಿದ್ದದ್ದು ಹಳೆಯ .303 ಬಂದೂಕು. ದಿಲ್ಲಿಯ ಹತ್ತಿರದ ಮನೇಸರದಲ್ಲಿದ್ದ ಕಮಾಂಡೊಗಳನ್ನು ಕರೆತರಲು ದಿಲ್ಲಿಯಲ್ಲಿ ವಿಮಾನವಿರಲಿಲ್ಲ, ಅದು ಚಂಡೀಗಡದಿಂದ ಬರಬೇಕಾಯಿತು. ಅವರು ಮುಂಬೈಯಲ್ಲಿ ಇಳಿಯುವಾಗ ಬೆಳಗಾಗಲು ಬಂದಿತ್ತು.

ಇದೆಲ್ಲ ನಡೆಯುತ್ತಿರುವಾಗ ನಮ್ಮನ್ನು ಆಳುವವರು, ಆಳಲು ಕಾದವರು ಮಾಡಿದ್ದೇನು? ಇಷ್ಟು ದೊಡ್ಡ ನಗರದಲ್ಲಿ ಇಂಥ ಚಿಕ್ಕಪುಟ್ಟ ಘಟನೆಗಳು ಆಗುತ್ತಿರುತ್ತವೆ ಎಂಬರ್ಥದ ಮಾತು ಮಹಾರಾಷ್ಟ್ರದ ಗೃಹ ಖಾತೆ ನೋಡುತ್ತಿದ್ದ ಆರ್.ಆರ್. ಪಾಟೀಲರ ಬಾಯಿಂದ ಬಂತು. ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಸುಟ್ಟ ತಾಜ್ ಹೋಟೆಲ್ ನೋಡಲು ನಟನಾದ ಮಗನ ಜೊತೆಗೆ ಸಿನಿಮಾ ನಿರ್ದೇಶಕ ರಾಮ್‌ಗೋಪಾಲ್ ವರ್ಮಾರನ್ನೂ ಕರೆದುಕೊಂಡು ಹೋದರು. ಇಬ್ಬರ ಕುರ್ಚಿಯೂ ಹೋಯಿತು, ಸರಿ. ಆದರೆ ತಾಜ್ ಇನ್ನೂ ಹೊತ್ತಿ ಉರಿಯುತ್ತಿರುವಾಗಲೇ, ಮರುದಿನ ದಿಲ್ಲಿಯಲ್ಲಿ ವಿಧಾನಸಭೆಯ ಮತದಾನ ಇದೆಯೆಂದು, ಸರ್ಕಾರ ದುರ್ಬಲ, ಭಯೋತ್ಪಾದನೆಯ ವಿರುದ್ಧ ಹೋರಾಡಲು ನಮಗೆ ಮತ ಕೊಡಿ ಎಂದು ಪತ್ರಿಕೆಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ರಕ್ತ ಚೆಲ್ಲಿದ ಜಾಹೀರಾತು ಕೊಟ್ಟದ್ದು ಬಿಜೆಪಿ. ಒಳಗೆ ಸಿಕ್ಕಿಕೊಂಡವರು ಹೊರಗೆ ಬರುವವರೆಗೂ ತಡೆದುಕೊಳ್ಳಲಾಗಲಿಲ್ಲ. ದಿಲ್ಲಿಯವರು ಶೀಲಾ ದೀಕ್ಷಿತರನ್ನೇ ಮೂರನೆಯ ಸಲ ಗೆಲ್ಲಿಸಿದರು. ಬಿಜೆಪಿಯ ನಖ್ವಿಯವರಂತೂ ಮೇಣದಬತ್ತಿ ಹಿಡಿದು ನಿಂತ ನಿಮ್ಮಂಥ ಹೆಣ್ಣುಮಕ್ಕಳ ಲಿಪ್‌ಸ್ಟಿಕ್ಕಿನ ಬಗ್ಗೆ ಮಾತಾಡಿದರು. ಡಿಸೆಂಬರ್ 3ರಂದು ಗೇಟ್‌ವೇ ಮುಂದೆ ನೀನೂ ನಿಂತಿದ್ದೆಯಲ್ಲ, ಅದನ್ನು ಕೇಳಿ ನಿನ್ನ ಅಮ್ಮ ಟಿವಿಯನ್ನೇ ಆರಿಸಿಬಿಟ್ಟಳು.

ಈಗ ಚುನಾವಣೆ ಬಂದಿದೆ. ಅಡ್ವಾಣಿಯವರು ಮನಮೋಹನ ಸಿಂಗರನ್ನು ದುರ್ಬಲ ಪ್ರಧಾನಿ ಎನ್ನುತ್ತಾರೆ. ಕಾಂಗ್ರೆಸ್ಸಿನವರು 1999ರ ಕಂದಹಾರ್ ವಿಮಾನ ಅಪಹರಣದ ಮಾತು ತೆಗೆಯುತ್ತಾರೆ. ಮಸೂದ್ ಅಜರ್ ಸೇರಿ ಮೂವರು ಉಗ್ರರನ್ನು ಬಿಟ್ಟುಕೊಡಲು ವಿದೇಶಾಂಗ ಸಚಿವ ಜಸ್ವಂತ್ ಸಿಂಗರೇ ವಿಮಾನದಲ್ಲಿ ಹೋದರು, ಅವರು ಹೋಗುವ ವಿಷಯ ಆಗಿನ ಗೃಹ ಸಚಿವ ಅಡ್ವಾಣಿಯವರಿಗೆ ಗೊತ್ತಿರಲಿಲ್ಲವಂತೆ, ಇದೆಂಥ ಗಟ್ಟಿತನ ಎಂದು ಇವರ ಪ್ರಶ್ನೆ. ಅದಕ್ಕೆ ಬಿಜೆಪಿಯವರು ದಾಳಿಯ ಕಾಲಕ್ಕೆ ಕೇಂದ್ರ ಗೃಹ ಸಚಿವರಾಗಿದ್ದ ಶಿವರಾಜ್ ಪಾಟೀಲರ ಹೆಸರು ತೆಗೆಯುತ್ತಾರೆ. ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಬಾಂಬ್ ಸಿಡಿದ ಸಂಜೆ ಅವರು ಬದಲಿಸಿದ ಉಡುಪುಗಳ ಲೆಕ್ಕ ದೇಶಕ್ಕೇ ಬಾಯಿಪಾಠವಾಗಿದೆ. ಒಬ್ಬರ ಹುಳುಕಿಗೆ ಇನ್ನೊಬ್ಬರ ಹುಳುಕು ಉತ್ತರ. ಯಾರು ಬಲಿಷ್ಠ, ಯಾರು ದುರ್ಬಲ ಎಂಬ ಈ ಜಗಳ ಕೇಳಿ ಕೇಳಿ ನನಗೆ ರೇಜಿಗೆ ಬಂದಿದೆ. ದೇಶ ಕಾಯಲು ಪೈಲ್ವಾನನನ್ನು ಹುಡುಕುತ್ತಿದ್ದೇವೆಯೇ?

ನಮ್ಮ ಮನೆಯ ಜಗುಲಿಯಿಂದ ಸಮುದ್ರ ಕಾಣುತ್ತದೆ. ಅದನ್ನೇ ನೋಡುತ್ತ ಯೋಚಿಸಿದ್ದನ್ನು ಹೇಳುತ್ತೇನೆ. 1993ರ ಮಾರ್ಚ್ 12ರಂದು ಮುಂಬೈಯಲ್ಲಿ ಸರಣಿ ಬಾಂಬ್ ಸಿಡಿದು 257 ಜನ ಸತ್ತರು. ನೀನು ಆಗ ಚಿಕ್ಕವಳು. ಆ ಆರ್‌ಡಿಎಕ್ಸ್ ಬಂದದ್ದು ಸಮುದ್ರದಿಂದ. ರಾಯಗಡ ಜಿಲ್ಲೆಯ ದಿಘಿ, ಶೇಖಾಡಿ ಎಂಬ ಕಡಲ ಹಳ್ಳಿಗಳಲ್ಲಿ ಅದನ್ನು ಇಳಿಸಿದ್ದರು. ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ. ನೌಕಾಪಡೆ, ಕರಾವಳಿ ರಕ್ಷಣಾ ಪಡೆ, ಪೊಲೀಸ್ ಎಲ್ಲ ಸೇರಿ ಗಸ್ತು ತಿರುಗುವ ‘ಆಪರೇಷನ್ ಸ್ವಾನ್’ ಆರಂಭವಾಯಿತು. ಕಾರ್ಗಿಲ್ ಯುದ್ಧವಾದ ಮೇಲೆ ವಾಜಪೇಯಿ ಸರ್ಕಾರದ ಸಚಿವರ ಗುಂಪು ಕೂತು ಭದ್ರತೆಯ ಒಟ್ಟು ವ್ಯವಸ್ಥೆಯನ್ನೇ ಪರಿಶೀಲಿಸಿತು. 2001ರಲ್ಲಿ ಬಂದ ಅವರ ವರದಿಯಲ್ಲಿ ಕರಾವಳಿಯ ಮಾತೂ ಇತ್ತು. 2005ರ ಜನವರಿಯಲ್ಲಿ ಈಗಿನ ಸರ್ಕಾರ ಕರಾವಳಿ ಭದ್ರತಾ ಯೋಜನೆಗೆ ಒಪ್ಪಿಗೆ ಕೊಟ್ಟಿತು: 73 ಕರಾವಳಿ ಪೊಲೀಸ್ ಠಾಣೆಗಳು, 204 ದೋಣಿಗಳು. ಹಣ ಕೇಂದ್ರದ್ದು, ಸಿಬ್ಬಂದಿ ರಾಜ್ಯದ್ದು.

2008ರ ನವೆಂಬರಿನಲ್ಲಿ ಹತ್ತು ಜನ ಕರಾಚಿಯಿಂದ ಹೊರಟು, ದಾರಿಯಲ್ಲಿ ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ಹಿಡಿದು, ಅದರಲ್ಲಿದ್ದವರನ್ನು ಕೊಂದು, ರಬ್ಬರ್ ದೋಣಿಯಲ್ಲಿ ಕೊಲಾಬಾದ ಮಚ್ಛೀಮಾರ್ ನಗರಕ್ಕೆ ಬಂದು ಇಳಿದಾಗ ಆ 204 ದೋಣಿಗಳಲ್ಲಿ ಬಹುಪಾಲು ನೀರಿಗೇ ಇಳಿದಿರಲಿಲ್ಲ. ಅವರನ್ನು ನೋಡಿ, ಯಾರು ನೀವು ಎಂದು ಕೇಳಿದ್ದು ಅಲ್ಲಿಯ ಮೀನುಗಾರರು. ಹದಿನೈದು ವರ್ಷಗಳ ಅಂತರದಲ್ಲಿ ಅದೇ ಸಮುದ್ರದಿಂದ ಅದೇ ಊರಿಗೆ ಎರಡು ಸಲ ಸಾವು ಬಂತು. ನಡುವೆ ಕಾಂಗ್ರೆಸ್ಸೂ ಆಳಿತು, ಬಿಜೆಪಿಯೂ ಆಳಿತು, ಮೂರನೆಯವರೂ ಆಳಿದರು. ದುರ್ಬಲ ಪ್ರಧಾನಿಯ ಕಾಲದಲ್ಲೂ ಬಲಿಷ್ಠ ಪ್ರಧಾನಿಯ ಕಾಲದಲ್ಲೂ ಕಡತ ಒಂದೇ ವೇಗದಲ್ಲಿ ನಡೆಯಿತು.

ದಾಳಿಯ ನಂತರ ಚಿದಂಬರಂ ಗೃಹ ಸಚಿವರಾದರು, ಲೋಪಗಳಾಗಿವೆ ಎಂದು ಒಪ್ಪಿಕೊಂಡರು. ಅಷ್ಟನ್ನು ಹೇಳುವವರೂ ಅಪರೂಪ, ಅದಕ್ಕೆ ಅವರನ್ನು ಮೆಚ್ಚುತ್ತೇನೆ. ರಾಷ್ಟ್ರೀಯ ತನಿಖಾ ಸಂಸ್ಥೆಯ ಮಸೂದೆ ಡಿಸೆಂಬರ್ 16ರಂದು ಮಂಡನೆಯಾಗಿ 18ರೊಳಗೆ ಎರಡೂ ಸದನಗಳಲ್ಲಿ ಪಾಸಾಯಿತು. ಎಲ್ಲ ಪಕ್ಷಗಳೂ ಕೈ ಎತ್ತಿದವು. ಕಾಯ್ದೆ ಮಾಡಲು ಮೂರು ದಿನ ಸಾಕಾಯಿತು, ದೋಣಿ ತರಲು ನಾಲ್ಕು ವರ್ಷ ಸಾಲಲಿಲ್ಲ. ಫೆಬ್ರುವರಿಯಲ್ಲಿ ಇಡೀ ಕಡಲ ಭದ್ರತೆಯ ಹೊಣೆಯನ್ನು ನೌಕಾಪಡೆಗೆ ಒಪ್ಪಿಸಿದ್ದಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ನಮ್ಮ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇರಲಿ, ಈಗಲಾದರೂ ಬಾಗಿಲು ಹಾಕಲಿ. ಅದು ನಿಜವಾಗಿಯೂ ಮುಚ್ಚಿದೆಯೇ ಎಂದು ನೋಡುವವರು ಯಾರು?

ಭದ್ರತೆಯ ಹೆಸರಿನಲ್ಲಿ ಯಾರು ಏನು ಕೊಟ್ಟರು ಎಂಬುದು ಕಾರವಾರದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ. ‘ಐಎನ್‌ಎಸ್ ಕದಂಬ’ ಸೇವೆಗೆ ಬಂದದ್ದು 2005ರಲ್ಲಿ. ನಡುವಿನ ಆ ಕಾಲದಲ್ಲಿ ಅರ್ಗಾದಂಥ ಊರುಗಳವರು ಮನೆ, ತೆಂಗಿನ ತೋಟ, ಮೀನು ಒಣಗಿಸುವ ಕಡಲದಂಡೆ ಎಲ್ಲವನ್ನೂ ಬಿಟ್ಟು ಎದ್ದರು. ತೋಡೂರಿನ ಪುನರ್ವಸತಿ ಕಾಲೊನಿಯ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಅವರ ಅಪ್ಪಂದಿರು ಪರಿಹಾರದ ಹಣಕ್ಕಾಗಿ ಕೋರ್ಟು ಅಲೆದು ಮುದುಕರಾದರು. ಪ್ರತಿ ಚುನಾವಣೆಗೂ ಎಲ್ಲ ಪಕ್ಷದವರೂ ಕಾಲೊನಿಗೆ ಬಂದು, ನಿಮ್ಮ ತ್ಯಾಗ ದೊಡ್ಡದು ಎಂದು ಕೈ ಮುಗಿದು ಹೋಗುತ್ತಾರೆ. ದೇಶಕ್ಕಾಗಿ ನೆಲ ಕೊಟ್ಟವನಿಗೆ ಅದರ ಬೆಲೆಯನ್ನು ಸರಿಯಾಗಿ ಕೊಡಲು ಕೈಲಾಗದವರು ವೇದಿಕೆಯ ಮೇಲೆ ದೇಶಭಕ್ತಿಯ ಮಾತಾಡಿದರೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಬೈತಖೋಲ ಬಂದರಿಗೆ ಬೆಳಿಗ್ಗೆ ಹೋದರೆ ಅಲ್ಲಿಯ ತಾಂಡೇಲರು, ಅಂದರೆ ಬೋಟು ನಡೆಸುವವರು, ಕಣ್ಣಳತೆಯ ದೂರದಲ್ಲೇ ಬೋಟಿನ ನಡಿಗೆ ನೋಡಿ ಅದು ಮಲ್ಪೆಯದೋ ಗೋವೆಯದೋ ಹೇಳುತ್ತಾರೆ. ಅಪರಿಚಿತ ಬೋಟು ಮೊದಲು ಅವರ ಕಣ್ಣಿಗೇ ಬೀಳುವುದು. ಮುಂಬೈ ಘಟನೆಯ ನಂತರ ಸರ್ಕಾರಕ್ಕೆ ಮೊದಲು ಹೊಳೆದದ್ದು ಅವರ ಗುರುತಿನ ಚೀಟಿಯನ್ನು ತಪಾಸಣೆ ಮಾಡುವುದು. ಮಾಡಲಿ, ತಪ್ಪಲ್ಲ. ಆದರೆ ಏನಾದರೂ ಕಂಡರೆ ಯಾರಿಗೆ ಹೇಳಬೇಕು, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಎತ್ತಿದವರು ಯಾವ ದೋಣಿಯಲ್ಲಿ ಬರುತ್ತಾರೆ ಎಂದು ನಮ್ಮ ಪಕ್ಕದ ಮನೆಯ ತಾಂಡೇಲ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮತ ಕೇಳಲು ನಮ್ಮ ಓಣಿಗೆ ಬಂದವರನ್ನು ಇದನ್ನೇ ಕೇಳಿದೆ. ಒಬ್ಬರು ಪಾಕಿಸ್ತಾನಕ್ಕೆ ಬುದ್ಧಿ ಕಲಿಸುತ್ತೇವೆ ಎಂದರು. ಇನ್ನೊಬ್ಬರು ಸಾಲಮನ್ನಾದ ಕರಪತ್ರ ಕೊಟ್ಟರು. ಕರಪತ್ರದ ಹಿಂಬದಿ ಖಾಲಿ ಇತ್ತು, ನಿನ್ನ ಅಮ್ಮ ಅದರಲ್ಲಿ ದಿನಸಿ ಪಟ್ಟಿ ಬರೆದಳು.

ಬೆಂಗಳೂರಿನಲ್ಲಿರುವ ನಿನ್ನ ಚಿಕ್ಕಪ್ಪನದೂ ಇದೇ ಪಾಡು. ಕಳೆದ ಜುಲೈ 22ರಂದು ವಿಶ್ವಾಸಮತದ ದಿನ ಲೋಕಸಭೆಯಲ್ಲಿ ನೋಟಿನ ಕಂತೆಗಳನ್ನು ಎತ್ತಿ ತೋರಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್, ಮಡಿವಾಳದ ಬಸ್ ತಂಗುದಾಣದಲ್ಲಿದ್ದ ಒಬ್ಬ ಹೆಂಗಸು ಸತ್ತಳು. 26ರಂದು ಅಹಮದಾಬಾದ್. ವಾರಗಟ್ಟಲೆ ಸಂಸದರನ್ನು ಕಾಯುವುದು, ಎಣಿಸುವುದು, ಅಡಗಿಸಿಡುವುದೇ ದಿಲ್ಲಿಯ ಕೆಲಸವಾಗಿತ್ತು. ಈಗ ನೋಡು, ಚುನಾವಣೆಗೂ ಐಪಿಎಲ್‌ಗೂ ಒಟ್ಟಿಗೆ ಪೊಲೀಸರನ್ನು ಒದಗಿಸಲಾಗದೆ ಕ್ರಿಕೆಟ್ ದಕ್ಷಿಣ ಆಫ್ರಿಕಾಕ್ಕೆ ಹೋಗಿದೆ. ಅದಕ್ಕಾಗಿ ಸಂಸತ್ತಿನಲ್ಲಿರಬೇಕಾದವರೆಲ್ಲ ಎಷ್ಟು ಕಣ್ಣೀರು ಹಾಕಿದರು! ಪೊಲೀಸರ ಕೊರತೆಗಾಗಿ ಅತ್ತವರನ್ನು ನಾನು ಕಾಣಲಿಲ್ಲ.

ನಿನ್ನ ದಕ್ಷಿಣ ಮುಂಬೈಯಲ್ಲಿ ಮಿಲಿಂದ್ ದೇವರಾ ಇದ್ದಾರೆ, ಶಿವಸೇನೆಯ ಮೋಹನ ರಾವಲೆ ಇದ್ದಾರೆ, ರಾಜ್ ಠಾಕ್ರೆಯ ಪಕ್ಷದವರಿದ್ದಾರೆ. ದಾಳಿಯ ನಂತರ ಬ್ಯಾಂಕಿನ ದೊಡ್ಡ ಕೆಲಸ ಬದಿಗಿಟ್ಟು ಪಕ್ಷೇತರರಾಗಿ ನಿಂತ ಮೀರಾ ಸಾನ್ಯಾಲ್ ಇದ್ದಾರೆ. ಬೆಂಗಳೂರು ದಕ್ಷಿಣದಲ್ಲಿ ಕ್ಯಾಪ್ಟನ್ ಗೋಪಿನಾಥ್ ನಿಂತಂತೆಯೇ ಇದು. ಗೆಲ್ಲುವ ಲೆಕ್ಕ ಬಿಟ್ಟು ಇಂಥವರು ನಿಲ್ಲುವುದು ನನಗೆ ಸಂತೋಷ. 543 ಜನರಲ್ಲಿ ಒಬ್ಬರೇ ಏನು ಮಾಡಬಲ್ಲರು ಎಂಬ ಅನುಮಾನವೂ ಇದೆ, ಪ್ರಶ್ನೋತ್ತರ ಅವಧಿಯಲ್ಲಿ ಒಂದು ಪ್ರಶ್ನೆಯನ್ನಂತೂ ಕೇಳಬಲ್ಲರು. ಯಾರಿಗೆ ಹಾಕು ಎಂದು ನಾನು ಹೇಳುವುದಿಲ್ಲ. ಈ ಮನೆಯಲ್ಲಿ ನಾನು ಯಾರಿಗೆ ಹಾಕುತ್ತೇನೆಂದು ಅಮ್ಮನಿಗೆ ಹೇಳುವ ರೂಢಿಯಿಲ್ಲ, ಅವಳೂ ಹೇಳುವುದಿಲ್ಲ, ಸಂಸಾರ ಸುಸೂತ್ರ ನಡೆದಿದೆ. ಅವರ ಆಸ್ತಿ, ಅವರ ಮೇಲಿನ ಮೊಕದ್ದಮೆಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲೇ ಇರುತ್ತದೆ, ಓದು. ಸಭೆಗೆ ಹೋಗುವುದಾದರೆ ಕೊಲಾಬಾ ಠಾಣೆಗೆ ದೋಣಿ ಬಂದಿದೆಯೇ, ಅದನ್ನು ನಡೆಸಲು ಬಲ್ಲ ಪೊಲೀಸರು ಇದ್ದಾರೆಯೇ, ಓಂಬ್ಳೆಯವರ ಠಾಣೆಯವರ ಕೈಗೆ ಲಾಠಿಯ ಬದಲು ಏನು ಕೊಟ್ಟಿದ್ದೀರಿ ಎಂದು ಕೇಳು. ಇಂಗ್ಲಿಷಿನಲ್ಲಿ ಬೇಡ, ಮರಾಠಿಯಲ್ಲೇ ಕೇಳು, ಪಕ್ಕದಲ್ಲಿ ನಿಂತವರಿಗೂ ಅರ್ಥವಾಗಲಿ. ಕಳೆದ ವಾರ ದಿಲ್ಲಿಯಲ್ಲಿ ಪತ್ರಕರ್ತನೊಬ್ಬ ಚಿದಂಬರಂ ಕಡೆಗೆ ಬೂಟು ಎಸೆದದ್ದಕ್ಕೆ ನಿನ್ನ ಗೆಳತಿಯರೆಲ್ಲ ಚಪ್ಪಾಳೆ ಹೊಡೆದರೆಂದು ಬರೆದಿದ್ದೀಯೆ. ಬೂಟಿಗೆ ಉತ್ತರ ಕೊಡಬೇಕಾಗಿಲ್ಲವಲ್ಲ, ಅವರು ನಕ್ಕು ತಪ್ಪಿಸಿಕೊಂಡರು. ಪ್ರಶ್ನೆಯಿಂದ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾಗುವುದಿಲ್ಲ.

ನಿಮ್ಮಲ್ಲಿ ಮತದಾನ 30ರಂದು, ಗುರುವಾರ. ಮರುದಿನ ಮಹಾರಾಷ್ಟ್ರ ದಿನದ ರಜೆ, ಹಿಂದೆಯೇ ಶನಿವಾರ, ಭಾನುವಾರ. ಬುಧವಾರ ರಾತ್ರಿಯ ಬಸ್ಸಿಗೇ ಹೊರಡುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೀಯಂತೆ. ಆ ಟಿಕೆಟ್ ರದ್ದು ಮಾಡಿಸು. ಬೆಳಿಗ್ಗೆ ಮತ ಹಾಕಿ ಮಧ್ಯಾಹ್ನ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧಾ ಹತ್ತು. ಇಲ್ಲಿ ಇಳಿಯುವಾಗ ಅಪರಾತ್ರಿಯಾದರೂ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಇದೆಯೇ ಎಂದು ಈ ವಾರವೇ ನೋಡಿಕೋ. ಗುರುತಿನ ಚೀಟಿ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಹಾಗೆ ಬಂದು ಜಗಳವಾಡಿದವರನ್ನು ನಾನು ಬಹಳ ಜನರನ್ನು ವಾಪಸು ಕಳಿಸಿದ್ದೇನೆ.

ಇಂತು ನಿನ್ನ
ಅಪ್ಪ